ಸೇವಂತಿಗೆ ಹಾರ ಹಾಕಿಕೊಂಡ ವಿಮಾನ

ಆ ವರ್ಷ ನಾವು ಊಟದ ಮೇಜಿನ ಮೇಲೆ ಊಟ ಮಾಡಲಿಲ್ಲ. ಮೇಜಿನ ಮೇಲೆ ವಿಮಾನವಿತ್ತು. ನಾವು ತಟ್ಟೆ ಹಿಡಿದು ನೆಲದ ಮೇಲೆ ಕೂತು, ತಲೆ ಎತ್ತಿದರೆ ಅದರ ರೆಕ್ಕೆ ಕಾಣುವ ಹಾಗೆ, ರೊಟ್ಟಿ ಮುರಿಯುತ್ತಿದ್ದೆವು. ಮನೆಗೆ ಬಂದವರು ಮೊದಲು ವಿಮಾನ ನೋಡುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು, ಪಾಪ ಎನ್ನುವ ಹಾಗೆ. ಪಾಪ ಎನ್ನಿಸಿಕೊಳ್ಳುವಂಥದ್ದು ನನಗೇನೂ ಆಗಿರಲಿಲ್ಲ. ಅದರ ಅರ್ಧ ನಾನೇ ಕಟ್ಟಿದ್ದು.

ನಮ್ಮ ಮನೆ ಮಾಕಳಿಯ ಹತ್ತಿರ, ತುಮಕೂರು ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿತ್ತು. ಮೆಟ್ರೋ ನಾಗಸಂದ್ರದವರೆಗೆ ಬಂದ ಹೊಸತು. ನಾವಿಬ್ಬರೂ ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದೆವು, ಬೇರೆ ಬೇರೆ ಕಾರ್ಖಾನೆಗಳಲ್ಲಿ. ನನ್ನದು ವಾಲ್ವ್ ತಯಾರಿಸುವ ಕಂಪನಿಯ ಕ್ವಾಲಿಟಿ ವಿಭಾಗ. ಊರವರು ಮಾಡಿದ್ದರಲ್ಲೆಲ್ಲ ತಪ್ಪು ಹುಡುಕುವುದಕ್ಕೆ ಇವಳಿಗೆ ಸಂಬಳ ಬೇರೆ ಕೊಡುತ್ತಾರೆ ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಿದ್ದರು. ಇವರದು ಟೂಲ್‌ರೂಮ್. ಪ್ಲಾಸ್ಟಿಕ್ ಬಟನ್ನು, ಔಷಧಿ ಬಾಟಲಿಯ ಮುಚ್ಚಳ ಇಂಥವು ತಯಾರಾಗುವ ಉಕ್ಕಿನ ಅಚ್ಚುಗಳಿಗೆ ಕೊನೆಯ ನಯ ಕೊಡುವ ಕೆಲಸ. ಮೆಷಿನ್ ಎಷ್ಟೇ ಚೆನ್ನಾಗಿ ಕೊರೆದರೂ ಕೊನೆಗೆ ಒಬ್ಬ ಮನುಷ್ಯ ಕೂತು, ಸಣ್ಣ ಕಲ್ಲು ಹಿಡಿದು, ಉಸಿರು ಬಿಗಿಹಿಡಿದು ತೀಡಬೇಕು. ಆ ಮನುಷ್ಯ ಇವರು. ಹರಿಹರದಿಂದ ಡಿಪ್ಲೊಮಾ ಮುಗಿಸಿ ಬಂದಾಗಿನಿಂದ ಅದೇ ಬೆಂಚು, ಅದೇ ದೀಪ. ಕೆಲಸದಲ್ಲಿ ಎಲ್ಲರಿಗೂ ಒಂದೊಂದು ಹೆಮ್ಮೆ ಇರುತ್ತದೆ. ಇವರಿಗೆ ಇವರ ಬಲಗೈಯೇ ಹೆಮ್ಮೆ.

ಆ ಕೈ ನಡುಗಲು ಶುರುವಾಯಿತು. ಮೊದಲು ನನಗೆ ಗೊತ್ತಾಗಿದ್ದು ಕಾಫಿ ಲೋಟದಿಂದ. ಲೋಟ ಅರ್ಧ ತುಂಬಿಸು ಸಾಕು ಎಂದರು ಒಂದು ದಿನ. ಕಾಫಿ ಕಡಿಮೆ ಮಾಡುತ್ತಿದ್ದಾರೇನೋ ಎಂದುಕೊಂಡೆ. ಆಮೇಲೆ ನೋಡಿದರೆ ಎರಡು ಸಲ ಅರ್ಧರ್ಧ ಹಾಕಿಸಿಕೊಳ್ಳುತ್ತಿದ್ದರು. ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಹೆದರುವಂಥ ದೊಡ್ಡ ಕಾಯಿಲೆಯಲ್ಲ, ಕೆಲವರ ಕೈಯೇ ಹಾಗೆ, ಸುಮ್ಮನಿದ್ದಾಗ ಇರುವುದಿಲ್ಲ, ಏನಾದರೂ ಹಿಡಿದಾಗ ಬರುತ್ತದೆ, ನಿಧಾನಕ್ಕೆ ಜಾಸ್ತಿಯಾಗಬಹುದು ಎಂದರು. ಮಾತ್ರೆ ಕೊಟ್ಟರು. ಮಾತ್ರೆಯಿಂದ ಸ್ವಲ್ಪ ತಗ್ಗಿತು, ಹೋಗಲಿಲ್ಲ. ಸುಮ್ಮನಿದ್ದಾಗ ಇರುವುದಿಲ್ಲವಂತೆ! ಕೈ ಸುಮ್ಮನಿಟ್ಟುಕೊಳ್ಳುವ ಉದ್ಯೋಗ ಯಾವುದಿದೆ ಎಂದು ನನಗೆ ಸಿಟ್ಟು ಬಂತು. ಇವರು ಸಿಟ್ಟು ಮಾಡಿಕೊಳ್ಳಲಿಲ್ಲ. ಫ್ಯಾಕ್ಟರಿಯಲ್ಲಿ ಯಾರಿಗೂ ಹೇಳಲೂ ಇಲ್ಲ. ಅಲ್ಲಿ ಯಾರಾದರೂ ಹತ್ತಿರ ಬಂದು ನಿಂತರೆ ಕಲ್ಲು ಕೆಳಗಿಟ್ಟು ಕನ್ನಡಕ ಒರೆಸುವ ಅಭ್ಯಾಸ ಮಾಡಿಕೊಂಡರು.

ಭಾನುವಾರ ವಿಮಾನ ಹಾರಿಸುವುದು ಇವರಿಗೆ ಮದುವೆಗೂ ಮುಂಚಿನ ಚಟ. ರಿಮೋಟಿನಲ್ಲಿ ಹಾರುವ ಸಣ್ಣ ಮಾದರಿ ವಿಮಾನಗಳು. ನೆಲಮಂಗಲದ ದಾರಿಯಲ್ಲಿ ಸೈಟುಗಳನ್ನು ಮಾಡಿ, ಟಾರು ರಸ್ತೆ ಹಾಕಿ, ಮಾರಾಟವಾಗದೆ ಬಿದ್ದುಕೊಂಡಿದ್ದ ಒಂದು ಬಡಾವಣೆಯಿತ್ತು. ಮನೆಗಳಿಲ್ಲದ ಆ ರಸ್ತೆಯೇ ಇವರ ಗುಂಪಿನ ರನ್‌ವೇ. ಕೈ ನಡುಗಲು ಶುರುವಾದ ಮೇಲೆ ಅಲ್ಲಿಗೂ ಹೋಗುವುದನ್ನು ಬಿಟ್ಟರು. ಸಣ್ಣ ವಿಮಾನಕ್ಕೆ ಬೆರಳು ಕೂದಲೆಳೆಯಷ್ಟು ಜರುಗಿದರೂ ಗೊತ್ತಾಗುತ್ತದೆ. ಆ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದರು. ಯಾಕೆ ಬರುತ್ತಿಲ್ಲ ಎಂದು ಅವರು ಫೋನ್ ಮಾಡಿದಾಗ ಇವರು ಕಾರಣ ಹೇಳದೆ, ಸಣ್ಣ ವಿಮಾನ ಬೇಜಾರಾಗಿದೆ ಸಾರ್ ಎಂದುಬಿಟ್ಟರು. ಹಾಗಾದರೆ ಪೆಟ್ರೋಲ್ ಎಂಜಿನ್ನಿನ ದೊಡ್ಡದು ಕಟ್ಟಿ ಎಂದರಂತೆ ಹಿರಿಯರು. "ದೊಡ್ಡದು ಇದೆಯಲ್ಲ ಸಾರ್, ಅದು ಸುಮ್‌ಸುಮ್ನೆ ಅಲ್ಲಾಡಲ್ಲ. ಗಾಳಿಗೂ ಜಗ್ಗಲ್ಲ, ಬೆರಳಿಗೂ ಜಗ್ಗಲ್ಲ."

ಆ ಮಾತು ಇವರ ತಲೆಯಲ್ಲಿ ಕೂತುಬಿಟ್ಟಿತು. ಹೊರದೇಶದ ಕಿಟ್ ತರಿಸಿದರು. ಬಾಗಿಲಿಗೆ ಅಡ್ಡ ಬೀಳುವಷ್ಟು ಉದ್ದದ ಡಬ್ಬಿ ಬಂದ ದಿನ, ಅದನ್ನು ಬಿಚ್ಚುವ ಮೊದಲೇ ನನ್ನನ್ನು ಕೂರಿಸಿಕೊಂಡು ಹೇಳಿದರು:

"ನೋಡು, ಇದನ್ನ ಕಟ್ಟಿ ವಿಜಯದಶಮಿ ದಿನ ನಾನೇ ಹಾರಿಸ್ತೀನಿ. ಹಾರಿಸಿ ಇಳಿಸಿದ್ರೆ ಕೈ ಇನ್ನೂ ಇದೆ ಅಂತ ಲೆಕ್ಕ. ಆಗ್ಲಿಲ್ಲ ಅಂದ್ರೆ, ರಜ ಮುಗಿದ ಸೋಮವಾರ ಹೋಗಿ ಬೆಂಚ್ ಬಿಡ್ತೀನಿ ಅಂತ ಹೇಳ್ಬಿಡ್ತೀನಿ. ಯಾರೋ ಬಂದು ಬಿಡಿಸೋದಕ್ಕಿಂತ ನಾನೇ ಬಿಡೋದು ವಾಸಿ."

"ಬಿಟ್ಟು ಏನ್ ಮಾಡ್ತೀರಿ?"

"ಸ್ಟೋರ್ಸ್‌ನಲ್ಲಿ ಕೂರಿಸ್ತಾರೆ. ಬೋಲ್ಟು ನಟ್ಟು ಎಣಿಸ್ಕೊಂಡು ಇರ್ತೀನಿ."

"ಪ್ಲೈವುಡ್ಡಿನ ಆಟದ ಸಾಮಾನು ಕೇಳಿ ಕೆಲಸ ಬಿಡ್ತಾರೇನ್ರೀ ಯಾರಾದ್ರೂ?"

"ಡಾಕ್ಟ್ರು ಸುಳ್ಳು ಹೇಳ್ಬಹುದು, ನೀನು ಸುಳ್ಳು ಹೇಳ್ಬಹುದು. ಅದು ಹೇಳಲ್ಲ."

ಇವರ ಬುದ್ಧಿ ನನಗೆ ಗೊತ್ತು. ಒಮ್ಮೆ ಒಂದು ಅಳತೆಗೋಲು ಹಿಡಿದರೆ ಬಿಡುವವರಲ್ಲ. ನಾನೂ ಆಮೇಲೆ ವಾದ ಮಾಡಲಿಲ್ಲ. ಮೇಜಿನ ಮೇಲಿನ ಪ್ಲಾಸ್ಟಿಕ್ ಹಾಸು ತೆಗೆದು ಮಡಚಿಟ್ಟೆ.

ಡಬ್ಬಿಯಲ್ಲಿ ವಿಮಾನ ಇರಲಿಲ್ಲ, ವಿಮಾನದ ಎಲುಬು ಇತ್ತು. ಬಾಲ್ಸಾ ಎನ್ನುವ ಹಗುರ ಮರದ ಹಾಳೆಗಳು, ಪ್ಲೈವುಡ್ಡಿನ ಚೌಕಟ್ಟುಗಳು, ಲೇಸರಿನಲ್ಲಿ ಕತ್ತರಿಸಿ ಪಟ್ಟಿ ಕಟ್ಟಿ ಇಟ್ಟಿದ್ದರು. ಎಂಜಿನ್ ಬೇರೆ ಬಂತು, ತೆಂಗಿನಕಾಯಿ ಗಾತ್ರದ್ದು, ಭಾರಕ್ಕೆ ಎರಡು ಕಾಯಿ. ಕಿಟ್ ಮಾಡಿದವರು ಚೌಕಟ್ಟಿನ ತೂತುಗಳನ್ನು ಸ್ವಲ್ಪ ಸಡಿಲ ಬಿಟ್ಟಿದ್ದರು, ಅಂಟು ಹಿಡಿಯಲಿ ಎಂದು. ನಮ್ಮ ಟೂಲ್‌ರೂಮಿನವರಿಗೆ ಸಡಿಲ ಎಂದರೆ ಮೈಮೇಲೆ ಜಿರಲೆ ಬಿಟ್ಟ ಹಾಗೆ. ಒಂದೊಂದು ತುಂಡನ್ನೂ ಮೈಕ್ರೋಮೀಟರ್ ಹಿಡಿದು ಅಳೆದರು. "ಮರ ಕಣ್ರೀ ಅದು, ನಾಳೆ ಮಳೆ ಬಂದ್ರೆ ಉಬ್ಬತ್ತೆ" ಎಂದೆ. ಕೇಳಲಿಲ್ಲ. ಹಾಗೆ ಶುರುವಾದ ಕೆಲಸ ಯುಗಾದಿಯಿಂದ ದಸರಾದವರೆಗೆ ನಡೆಯಿತು.

ಇಬ್ಬರ ನಡುವೆ ಕೆಲಸ ತಾನಾಗಿ ಹಂಚಿಕೆಯಾಯಿತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಉದ್ದದ ಕೆಲಸ ಇವರದು: ರೆಕ್ಕೆಯ ಪಟ್ಟಿ ಜೋಡಿಸುವುದು, ಮರಳು ಕಾಗದ ತಿಕ್ಕುವುದು, ಎರಡು ಟ್ಯೂಬಿನ ಅಂಟು ಕಲಸಿ ಎಂಜಿನ್ನಿನ ಹಿಂದಿನ ಗೋಡೆ ಕೂರಿಸುವುದು. ಸಣ್ಣ ಕೆಲಸ ಬಂದಾಗ ಸ್ಕ್ರೂಡ್ರೈವರ್ ಮೆಲ್ಲಗೆ ನನ್ನ ಕಡೆ ಉರುಳಿ ಬರುತ್ತಿತ್ತು. ರೆಕ್ಕೆಯೊಳಗೆ ಕೂರುವ ಬೆಂಕಿಪೊಟ್ಟಣದಷ್ಟು ಮೋಟರುಗಳು, ಅವುಗಳ ಎಳ್ಳಿನಂಥ ಸ್ಕ್ರೂಗಳು, ಬಾಲದ ಪಟ್ಟಿಯನ್ನು ಎಳೆಯುವ ತಂತಿ, ಎಲ್ಲ ನಾನೇ. ಇವರು ಪಕ್ಕದಲ್ಲಿ ಟಾರ್ಚ್ ಹಿಡಿಯುತ್ತಿದ್ದರು. ಬೆಳಕು ಸಣ್ಣಗೆ ಅಲ್ಲಾಡುತ್ತಿತ್ತು. ನಾನು ನೋಡಿಯೂ ನೋಡದ ಹಾಗೆ ಸ್ಕ್ರೂ ತಿರುಗಿಸುತ್ತಿದ್ದೆ. ಆ ಹೊತ್ತಿನಲ್ಲಿ ನನಗೆ ಇವರ ಮೇಲೆ ಬಂದಷ್ಟು ಪ್ರೀತಿ ಮದುವೆಯಾದ ಹೊಸತರಲ್ಲೂ ಬಂದಿರಲಿಲ್ಲ. ಹೇಳಿದರೆ ಉಬ್ಬುತ್ತಾರೆ ಎಂದು ಹೇಳಲಿಲ್ಲ.

ಮೈಗೆ ಬಣ್ಣದ ಪ್ಲಾಸ್ಟಿಕ್ ಹಾಳೆ ಹೊದಿಸಿ ಇಸ್ತ್ರಿ ಮಾಡಬೇಕು. ಬಿಸಿಗೆ ಅದು ಬಿಗಿದುಕೊಂಡು ಚರ್ಮದ ಹಾಗೆ ಕೂರುತ್ತದೆ. ಅದಕ್ಕೆ ನನ್ನ ಸೀರೆಯ ಇಸ್ತ್ರಿ ಪೆಟ್ಟಿಗೆಯೇ ಬೇಕಾಯಿತು. ಹಳದಿ, ಕೆಂಪು ಹಾಳೆ. ಅಪಾರ್ಟ್‌ಮೆಂಟಿನವರು ರಾಜ್ಯೋತ್ಸವಕ್ಕೆ ಏನೋ ಮಾಡುತ್ತಿದ್ದಾರೆ ಎಂದುಕೊಂಡು ನಮ್ಮನ್ನು ಕಮಿಟಿಗೆ ಸೇರಿಸಲು ಬಂದಿದ್ದರು.

ಭಾರದ ವಿಷಯದಲ್ಲಿ ಇಬ್ಬರೂ ಜಿಪುಣರು. ಅಡುಗೆಮನೆಯ ತಕ್ಕಡಿಯಲ್ಲಿ ಅಂಟಿನ ಬಟ್ಟಲನ್ನೂ ತೂಗುತ್ತಿದ್ದೆವು. ಸ್ಟೀಲ್ ಸ್ಕ್ರೂ ತೆಗೆದು ನೈಲಾನ್ ಹಾಕಿದೆವು. ಹಿರಿಯರು ಹೇಳಿದ್ದರು: ದೊಡ್ಡ ವಿಮಾನದಲ್ಲಿ ಒಟ್ಟು ಭಾರ ಸ್ವಲ್ಪ ಹೆಚ್ಚಾದರೂ ನಡೆಯುತ್ತದೆ, ಆದರೆ ಭಾರ ಎಲ್ಲಿದೆ ಎನ್ನುವುದು ತಪ್ಪಬಾರದು. ರೆಕ್ಕೆಯ ಕೆಳಗೆ ನಕ್ಷೆಯಲ್ಲಿ ತೋರಿಸಿದ ಗುರುತಿಗೆ ಬೆರಳು ಕೊಟ್ಟು ಎತ್ತಿದರೆ ವಿಮಾನ ಮಟ್ಟಸವಾಗಿ ನಿಲ್ಲಬೇಕು. ಮೂತಿ ಸ್ವಲ್ಪ ತಗ್ಗಿದರೂ ಪರವಾಗಿಲ್ಲ, ಬಾಲ ತಗ್ಗಿತೋ, ಅದು ಯಾರ ಮಾತೂ ಕೇಳುವುದಿಲ್ಲ. ಬ್ಯಾಟರಿಗಳನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ಹಿಂದೆ ಮುಂದೆ ಸರಿಸಿ ಈ ಸಮತೋಲ ತರುವುದು ಎಲ್ಲಕ್ಕಿಂತ ಕೊನೆಯ ಕೆಲಸ.

ಆ ಕೊನೆಯ ಕೆಲಸ ಆಯುಧಪೂಜೆಯ ದಿನಕ್ಕೆ ಬಂತು. ಬೆಳಿಗ್ಗೆ ಮಾಡೋಣವೆಂದರೆ ಇವರಿಗೆ ಫ್ಯಾಕ್ಟರಿಯ ಪೂಜೆ. ಮಧ್ಯಾಹ್ನ ಕಡಲೆಪುರಿ, ಬೂಂದಿಯ ಪೊಟ್ಟಣ ಹಿಡಿದು ಬರುವಷ್ಟರಲ್ಲಿ ನಾನು ಮನೆಯ ಪೂಜೆಗೆ ಎಲ್ಲ ಹೊಂದಿಸಿದ್ದೆ. ಕಾರು, ಸ್ಕೂಟರು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಇವರ ಮೈಕ್ರೋಮೀಟರುಗಳು, ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದೊಂದು ಹೂವು. ವಿಮಾನಕ್ಕೆ ಮಾತ್ರ ಇವರೇ ಹಾರ ತಂದಿದ್ದರು, ಸೇವಂತಿಗೆಯದು, ನನ್ನ ತೋಳಿನಷ್ಟು ದಪ್ಪ. ಮೂತಿಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಪ್ರೊಪೆಲ್ಲರಿನ ಸುತ್ತ ಎರಡು ಸುತ್ತು ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕರ್ಪೂರ ಹಚ್ಚಿದೆವು. ಮರುದಿನದವರೆಗೆ ಬಾಡದಿರಲಿ ಎಂದು ಹಾರಕ್ಕೆ ಚೆನ್ನಾಗಿ ನೀರು ಚಿಮುಕಿಸಿದೆ.

ಸಂಜೆ ಇವರಿಗೆ ನೆನಪಾಯಿತು, ಬ್ಯಾಲೆನ್ಸ್ ನೋಡಿಲ್ಲ ಎಂದು. ಬೆಳಿಗ್ಗೆ ಬೇಗ ಹೊರಡಬೇಕು. ಆದರೆ ಇವರ ಮನೆಯ ಪದ್ಧತಿ ಎಂದರೆ ಪದ್ಧತಿ: ಪೂಜೆಯಾದ ಆಯುಧವನ್ನು ಮರುದಿನ ಮಂಗಳಾರತಿ ಆಗುವವರೆಗೆ ಕೆಲಸಕ್ಕೆ ಹಚ್ಚುವ ಹಾಗಿಲ್ಲ, ಏರಿಸಿದ ಹೂವು ತೆಗೆಯುವ ಹಾಗಿಲ್ಲ.

"ಬ್ಯಾಲೆನ್ಸ್ ನೋಡೋಕೆ ಆಯುಧ ಯಾಕೆ?" ಎಂದರು ಇವರೇ. "ಎರಡು ಬೆರಳು ಸಾಕು. ಬೆರಳೇನು ಆಯುಧ ಅಲ್ವಲ್ಲ."

"ಹಾರ?"

"ಹೂವಿನ ಭಾರ ಏನ್ ಮಹಾ. ಇರ್ಲಿ ಬಿಡು, ಬೆಳಿಗ್ಗೆಗೆ ಮುಂಚೆ ತೆಗಿಬಾರ್ದು."

ನನಗೂ ಹಾಗೇ ಅನ್ನಿಸಿತು. ಯಾವುದಾದರೂ ಹಗುರ ಎನ್ನಬೇಕಾದರೆ ಹೂವಿನಷ್ಟು ಎನ್ನುವವರು ನಾವು. ಒಂದು ಕಡೆ ಇವರು, ಒಂದು ಕಡೆ ನಾನು, ಗುರುತಿಗೆ ಬೆರಳು ಕೊಟ್ಟು ಎತ್ತಿದೆವು. ಮೂತಿ ಕೆಳಕ್ಕೆ ಹೋಯಿತು. ಎಂಜಿನ್ ಭಾರದ್ದು, ಸಹಜ ಎಂದರು. ಎಂಜಿನ್ನಿನ ಹಿಂದೆಯೇ ಇದ್ದ ಬ್ಯಾಟರಿ ಪೆಟ್ಟಿಗೆಯನ್ನು ರೆಕ್ಕೆಯಿಂದ ಆಚೆಗೆ, ಬಾಲದ ಕಡೆಗೆ ಸರಿಸಿದೆವು. ಮತ್ತೆ ಎತ್ತಿದೆವು. ಈಗ ನೆಲಕ್ಕೆ ಸಮನಾಗಿ, ನೀರಿನ ಮಟ್ಟದ ಹಾಗೆ ನಿಂತಿತು. ಇವರ ಮುಖ ನೋಡಬೇಕಿತ್ತು. ನೆನಪಿಗಿರಲಿ ಎಂದು, ಅಂಗಳದಲ್ಲಿ ಹೋಗುತ್ತಿದ್ದ ಪಕ್ಕದ ಮನೆಯಾಕೆಯನ್ನು ಕರೆದು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡೆವು.

ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿ ಮಾಡಿ, ಹಾರ ತೆಗೆದು ಕಣ್ಣಿಗೊತ್ತಿಕೊಂಡು ತುಳಸಿ ಕುಂಡದ ಮೇಲೆ ಹಾಕಿದರು. ರೆಕ್ಕೆ ಬಿಚ್ಚಿ ಕಾರಿಗೆ ತುಂಬಿಕೊಂಡು ಬಡಾವಣೆಗೆ ಹೋದೆವು. ಹಿರಿಯರು ಆಗಲೇ ಬಂದಿದ್ದರು. ಸುತ್ತ ಒಂದು ಸುತ್ತು ಹಾಕಿ, ವಿಭೂತಿ ನೋಡಿ ನಕ್ಕು, "ಬ್ಯಾಲೆನ್ಸ್ ನೋಡಿದ್ದೀರ?" ಎಂದರು. "ಪಕ್ಕಾ ಸಮ ಇದೆ ಸಾರ್" ಎಂದರು ಇವರು. ಟೂಲ್‌ರೂಮಿನವರು ಸಮ ಎಂದರೆ ಯಾರು ಮತ್ತೆ ನೋಡುತ್ತಾರೆ?

ಎಂಜಿನ್ ಚಾಲೂ ಆಯಿತು. ಹುಲ್ಲು ಹಿಂದಕ್ಕೆ ಮಲಗಿತು. ಇವರು ರಿಮೋಟ್ ಕುತ್ತಿಗೆಗೆ ಹಾಕಿಕೊಂಡು ರಸ್ತೆಯ ಅಂಚಿನಲ್ಲಿ ನಿಂತರು. ವಿಮಾನ ಓಡತೊಡಗಿ, ಏಳಬೇಕಾದ್ದಕ್ಕಿಂತ ತುಂಬಾ ಮುಂಚೆಯೇ ಎದ್ದುಬಿಟ್ಟಿತು. ಎದ್ದದ್ದು ನೆಟ್ಟಗೆ ಆಕಾಶಕ್ಕೆ ಮೂತಿ ಎತ್ತಿತು. ಇವರು ಕೆಳಗೆ ಒತ್ತಿದರು. ಅದು ನೆಲಕ್ಕೆ ನುಗ್ಗಿತು. ಎಳೆದರು, ಮತ್ತೆ ಮೇಲಕ್ಕೆ. ಬೆರಳು ಒಂದಿಷ್ಟು ಅಲ್ಲಾಡಿದರೆ ಅಲ್ಲಿ ಅದು ಮಾರುದ್ದ ಅಲ್ಲಾಡುತ್ತಿತ್ತು. ನಾನು ಇವರ ಕೈ ನೋಡಿದೆ. ಎರಡೂ ಹೆಬ್ಬೆರಳು ನಡುಗುತ್ತಿದ್ದವು. ಹಿರಿಯರೂ ಕೈಯನ್ನೇ ನೋಡುತ್ತಿದ್ದರು. ಹೇಗೋ ಒಂದು ಸುತ್ತು ಹಾಕಿಸಿ, ರಸ್ತೆ ಬಿಟ್ಟು ಆಚೆಯ ಹುಲ್ಲಿನಲ್ಲಿ ಇಳಿಸಿದರು. ಇಳಿಸಿದರು ಎಂದು ಮರ್ಯಾದೆಗೆ ಬರೆಯುತ್ತಿದ್ದೇನೆ. ಚಕ್ರದ ಕಾಲು ಕಿತ್ತುಬಂತು, ಪ್ರೊಪೆಲ್ಲರ್ ಮುರಿಯಿತು, ಒಂದು ರೆಕ್ಕೆಯ ತುದಿ ಜಜ್ಜಿಹೋಯಿತು.

ಇವರು ರಿಮೋಟ್ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಗೊತ್ತಾಯ್ತಲ್ಲ" ಎಂದರು, ಅಷ್ಟೆ. ಹಿರಿಯರು ಏನೋ ಗಾಳಿ ಇತ್ತು ಎಂದರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಮನೆಗೆ ಬಂದು ಊಟ ಮಾಡಿದರು, ಟಿ.ವಿ. ನೋಡಿದರು, ಮರುದಿನ ಷರಟಿಗೆ ತಾವೇ ಇಸ್ತ್ರಿ ಹಾಕಿದರು. ಸೋಮವಾರ ಹೋಗಿ ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಅತ್ತಿದ್ದರೆ, ರೇಗಾಡಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ವಿಪರೀತ ಸಿಟ್ಟು. ಕೈಯ ಮೇಲೆ ಸಿಟ್ಟು, ಡಾಕ್ಟರ ಮೇಲೆ ಸಿಟ್ಟು, ಮೇಜಿನ ಮೇಲೆ ಮುರಿದು ಬಿದ್ದ ಆ ಹಳದಿ ಕೆಂಪು ವಸ್ತುವಿನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಶನಿವಾರ ಸಂಜೆ ಅದರ ಮುಂದೆ ಕೂತೆ. ನಮ್ಮ ವಿಭಾಗದಲ್ಲಿ ಒಂದು ಮಾಲು ಕೆಟ್ಟರೆ ಯಾಕೆ ಎಂದು ಕೇಳುತ್ತೇವೆ. ಆಪರೇಟರ್ ಸರಿಯಿಲ್ಲ ಎನ್ನುವುದು ಎಲ್ಲರೂ ಕೊಡುವ ಮೊದಲ ಉತ್ತರ. ಆ ಉತ್ತರವನ್ನು ನಾನು ಯಾವತ್ತೂ ಮೊದಲ ಸಲಕ್ಕೆ ಒಪ್ಪಿಕೊಂಡವಳಲ್ಲ. ಬೇರೆಯವರ ಮನೆಯ ಆಪರೇಟರಿಗೆ ಕೊಡುವ ಮರ್ಯಾದೆಯನ್ನು ನಮ್ಮ ಮನೆಯವರಿಗೂ ಕೊಡಬೇಡವೇ ಎಂದುಕೊಂಡೆ. ರೆಕ್ಕೆ ಮತ್ತೆ ಜೋಡಿಸಿ, ಕಿತ್ತ ಚಕ್ರದ ಕಾಲನ್ನು ಅದರ ಜಾಗಕ್ಕೆ ದಾರದಿಂದ ಕಟ್ಟಿದೆ, ಮುರಿದ ಪ್ರೊಪೆಲ್ಲರಿನ ತುಂಡುಗಳನ್ನೂ ಮೂತಿಗೆ ಸುತ್ತಿದೆ. ಎರಡು ಸ್ಟೂಲಿನ ಮೇಲೆ ಎರಡು ಉದ್ದ ಡಬ್ಬ ಇಟ್ಟು, ಅವುಗಳ ಅಂಚಿಗೆ ಗುರುತು ಸರಿಹೊಂದಿಸಿ ವಿಮಾನ ಕೂರಿಸಿದೆ. ಬಾಲ ಧಡ್ ಎಂದು ಕೆಳಗೆ ಹೋಯಿತು.

ಮತ್ತೆ ಕೂರಿಸಿದೆ. ಮತ್ತೆ ಹಾಗೇ. ಗುರುವಾರ ಪೂಜೆಯ ದಿನ ಮಟ್ಟಸವಾಗಿದ್ದದ್ದು ಶನಿವಾರ ಹೇಗೆ ಬಾಲ ಭಾರವಾಯಿತು? ಬ್ಯಾಟರಿ ಪೆಟ್ಟಿಗೆ ಕಟ್ಟಿದಲ್ಲೇ ಇತ್ತು. ಏನೂ ಕಳಚಿಹೋಗಿರಲಿಲ್ಲ. ಆಗ ಮೊಬೈಲ್ ತೆಗೆದು ಅಂದಿನ ಫೋಟೋ ನೋಡಿದೆ. ಇಬ್ಬರೂ ಹಲ್ಲು ಬಿಟ್ಟುಕೊಂಡು ನಿಂತಿದ್ದೇವೆ, ನಡುವೆ ವಿಮಾನ, ಅದರ ಮೂತಿಯ ತುಂಬ ಸೇವಂತಿಗೆ.

ಇವರನ್ನು ಕೂಗಿದೆ. ಫೋಟೋ ತೋರಿಸಿದೆ. ನೋಡಿ, ಮೊಬೈಲ್ ವಾಪಸ್ ಕೊಟ್ಟರು.

"ಸಮಾಧಾನಕ್ಕೆ ಹೇಳ್ತಿದೀಯ."

"ಸಮಾಧಾನ ಮಾಡೋ ಬುದ್ಧಿ ನಂಗ್ಯಾವತ್ತು ಇತ್ತು? ಬಾಲ ನೋಡಿ."

"ಬಿದ್ದ ಏಟಿಗೆ ಒಳಗೇನೋ ಸರಿದಿರತ್ತೆ. ಹೂವಿನಿಂದ ವಿಮಾನ ಬೀಳತ್ತಾ? ತಂದು ಹಾಕು ನೋಡೋಣ."

ತುಳಸಿ ಕುಂಡದ ಮೇಲಿದ್ದ ಹಾರ ತಂದು ಮೂತಿಗೆ ಹಾಕಿದೆ. ಬಾಲ ಮೇಲೇಳಲೇ ಇಲ್ಲ. ಎರಡು ದಿನದ ಬಿಸಿಲಿಗೆ ಹೂವು ಒಣಗಿ ಕಾಗದವಾಗಿತ್ತು. ಇವರು ನನ್ನ ಕಡೆ ಕರುಣೆಯಿಂದ ನೋಡಿ ಒಳಗೆ ಹೋದರು. ಆ ಕರುಣೆ ನೋಡಿ ನನಗೆ ಮೈಯೆಲ್ಲ ಉರಿಯಿತು.

ಭಾನುವಾರ ಬೆಳಿಗ್ಗೆ ತುಮಕೂರು ರಸ್ತೆಯ ಬಸ್ ಸ್ಟಾಪಿಗೆ ಹೋಗಿ, ಅಲ್ಲಿ ಹೂವು ಮಾರುವಾಕೆಗೆ ಹಾರ ಬೇಕು ಎಂದೆ, ನನ್ನ ತೋಳು ತೋರಿಸಿ, ಇಷ್ಟು ದಪ್ಪ. ಹಬ್ಬ ಮುಗಿದ ಮೇಲೆ ಅಷ್ಟು ದಪ್ಪ ಹಾರ ಯಾವುದಕ್ಕೆ ಕೇಳುತ್ತಾರೆಂದು ಅವಳಿಗೆ ಗೊತ್ತು. ಕಟ್ಟುತ್ತಾ ದನಿ ತಗ್ಗಿಸಿ, "ಯಾರಕ್ಕ ಓಗಿದ್ದು? ವಯಸ್ಸಾಗಿತ್ತಾ?" ಎಂದಳು.

"ಯಾರೂ ಹೋಗಿಲ್ಲಮ್ಮ. ಹೋಗೋಕೆ ಹೊರಟಿರೋರನ್ನ ನಿಲ್ಸೋಕೆ ತಗೊಂಡ್ಹೋಗ್ತಿದೀನಿ" ಎಂದೆ. ಅವಳು ನನ್ನ ಮುಖ ಒಂದು ಕ್ಷಣ ನೋಡಿ, ಇನ್ನೊಂದಷ್ಟು ಹೂವು ಸೇರಿಸಿ ಕಟ್ಟಿಕೊಟ್ಟಳು.

ಮನೆಗೆ ಬಂದು ಹಾರಕ್ಕೆ ಅವತ್ತಿನ ಹಾಗೇ ನೀರು ಚಿಮುಕಿಸಿದೆ. ಇವರನ್ನು ಕರೆದು, ಒಂದು ಕೈಯಲ್ಲಿ ಬ್ಯಾಟರಿ ಪೆಟ್ಟಿಗೆ, ಇನ್ನೊಂದರಲ್ಲಿ ಹಾರ ಇಟ್ಟೆ. ಇವರ ಎರಡು ಕೈಗಳು ತಕ್ಕಡಿಯ ಹಾಗೆ ಮೇಲೆ ಕೆಳಗೆ ಆದವು. ಹಾರದ ಕೈ ಕೆಳಗೆ ನಿಂತಿತು. ಆಮೇಲೆ ಪೆಟ್ಟಿಗೆಯನ್ನು ಇದ್ದ ಜಾಗಕ್ಕೇ ಕಟ್ಟಿ, ಹಾರವನ್ನು ಮೂತಿಗೆ ಸುತ್ತಿ, ಒಂದು ಕಡೆ ಇವರು, ಒಂದು ಕಡೆ ನಾನು, ಬೆರಳು ಕೊಟ್ಟು ಎತ್ತಿದೆವು. ವಿಮಾನ ನೆಲಕ್ಕೆ ಸಮನಾಗಿ ನಿಂತಿತು. ಇಳಿಸಿ ಹಾರ ತೆಗೆದು ಎತ್ತಿದೆವು. ಬಾಲ ಬಿತ್ತು. ಇವರು ಮತ್ತೆ ಹಾಕಿಸಿದರು, ಮತ್ತೆ ತೆಗೆಸಿದರು. ನೀರು ತೊಟ್ಟಿಕ್ಕಿ ನೆಲವೆಲ್ಲ ಒದ್ದೆಯಾಯಿತು. ನಾನು ಬಾಯಿ ಮುಚ್ಚಿಕೊಂಡು ಅವರು ಹೇಳಿದಷ್ಟು ಸಲ ಎತ್ತಿದೆ. ಇವರಿಗೆ ಮಾತು ಹಿಡಿಸುವುದಿಲ್ಲ, ಅಳತೆ ಹಿಡಿಸುತ್ತದೆ.

ಕೊನೆಗೆ ಕುರ್ಚಿಯ ಮೇಲೆ ಕೂತರು.

"ಹಾಗಾದ್ರೆ ಕೈ ಅಲ್ಲ" ಎಂದೆ ನಾನು.

"ಕೈ ನಡುಗಿದ್ದು ಸುಳ್ಳಲ್ವಲ್ಲ."

"ನಡುಗ್ತು. ಆದ್ರೆ ಅವತ್ತು ಯಾರು ಹಾರಿಸಿದ್ರೂ ಅದು ಹಾಗೇ ಕುಣೀತಿತ್ತು. ಬಾಲ ಭಾರದ ವಿಮಾನ ಇಟ್ಕೊಂಡು ಕೈ ಪರೀಕ್ಷೆ ಮಾಡಿದೀರಿ. ಅಳತೆಗೋಲೇ ಡೊಂಕು. ನಿಮ್ಮ ಟೂಲ್‌ರೂಮಲ್ಲಿ ಒಪ್ತೀರೇನ್ರೀ ಇದನ್ನ?"

ಇವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೂರು ದಿನ ತಡೆದಿಟ್ಟಿದ್ದನ್ನೆಲ್ಲ ನಾನೂ ಅತ್ತು ಮುಗಿಸಿದೆ. ಆಮೇಲೆ ಅಕ್ಕಿ ನೆನೆಹಾಕಿಲ್ಲ ಎಂದು ನೆನಪಾಗಿ ಒಳಗೆ ಹೋದೆ.

ಸೋಮವಾರ ಇವರು ಎಂದಿನಂತೆ ಕೆಲಸಕ್ಕೆ ಹೋದರು. ಯಾರಿಗೂ ಏನೂ ಹೇಳಲಿಲ್ಲ. ತೀರ್ಪು ರದ್ದಾಗಿತ್ತು, ಆದರೆ ಹೊಸ ತೀರ್ಪು ಬಂದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಸಂಜೆಗಳಲ್ಲಿ ಮತ್ತೆ ಮೇಜಿನ ಮುಂದೆ ಕೂತೆವು. ರೆಕ್ಕೆಯ ತುದಿಗೆ ಹೊಸ ಎಲುಬು, ಹೊಸ ಹಾಳೆ. ಚಕ್ರದ ಕಾಲನ್ನು ಇವರು ಎಷ್ಟು ಗಟ್ಟಿ ಮಾಡಲು ಹೊರಟರೆಂದರೆ ಬಸ್ಸಿಗೆ ಹಾಕಬಹುದಿತ್ತು, ನಾನು ಬಿಡಲಿಲ್ಲ. ಬ್ಯಾಟರಿ ಪೆಟ್ಟಿಗೆ ಮತ್ತೆ ಎಂಜಿನ್ನಿನ ಬೆನ್ನಿಗೆ ಬಂತು. ಬ್ಯಾಲೆನ್ಸನ್ನು ಈ ಸಲ ಹಿರಿಯರೆದುರೇ, ಬಡಾವಣೆಯಲ್ಲೇ, ಮೈಮೇಲೆ ಒಂದು ಎಸಳೂ ಇಲ್ಲದೆ ನೋಡಿದೆವು. ಮೂತಿ ಇಷ್ಟೇ ಇಷ್ಟು ತಗ್ಗಿತು. "ಹಾಂ, ಹಿಂಗಿರ್ಬೇಕು" ಎಂದರು ಹಿರಿಯರು. ಹೋದ ಸಲ ಏನಾಗಿತ್ತು ಎಂದು ಹೇಳಿದಾಗ ಅವರು ಕೂತು ನಕ್ಕುಬಿಟ್ಟರು.

ಚಳಿಗಾಲದ ಭಾನುವಾರ, ಮಂಜು ಆಗಷ್ಟೇ ಕರಗಿತ್ತು. ವಿಮಾನ ರಸ್ತೆಯುದ್ದಕ್ಕೂ ಓಡಿ, ನಿಧಾನಕ್ಕೆ ಬಾಲ ಎತ್ತಿ, ನೆಲ ಬಿಟ್ಟಿತು. ಬಡಾವಣೆಯ ಅಂಚಿನ ನೀಲಗಿರಿ ಮರಗಳವರೆಗೆ ಹೋಗಿ ತಿರುಗಿತು. ಗೆರೆ ಎಳೆದ ಹಾಗೆ ಬಂತು, ಮತ್ತೆ ತಿರುಗಿತು. ನನಗೆ ಅದನ್ನು ನೋಡಲು ಧೈರ್ಯ ಸಾಲದೆ ಇವರ ಕೈಯನ್ನೇ ನೋಡುತ್ತಿದ್ದೆ. ಹೆಬ್ಬೆರಳುಗಳು ಅವತ್ತಿನಷ್ಟೇ ನಡುಗುತ್ತಿದ್ದವು, ಒಂದಿಷ್ಟೂ ಕಡಿಮೆಯಿಲ್ಲ. ತಲೆಯೆತ್ತಿದರೆ ಮೇಲೆ ಅದು ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಇಳಿಯುವಾಗ ಒಂದು ಸಣ್ಣ ಕುಪ್ಪಳಿಕೆ ಹಾಕಿ ರಸ್ತೆಯ ನಡುವೆ ನಿಂತಿತು. ಎಂಜಿನ್ ಆರಿತು.

ಗುಂಪಿನವರು ಚಪ್ಪಾಳೆ ತಟ್ಟಿದರು. ಹಿರಿಯರು ಹತ್ತಿರ ಬಂದು, ಇನ್ನೂ ರಿಮೋಟ್ ಹಿಡಿದಿದ್ದ ಕೈಗಳನ್ನು ನೋಡಿ, "ಯಾಕ್ ಸಾರ್ ಇಷ್ಟು ನಡುಗ್ತಿದೆ? ಇಳಿದಾಯ್ತಲ್ಲ, ಇನ್ಯಾಕೆ ಹೆದರಿಕೆ?" ಎಂದರು.

ಇವರು ಕನ್ನಡಕಕ್ಕೆ ಕೈ ಹಾಕುತ್ತಾರೆ ಎಂದುಕೊಂಡೆ. ಹಾಕಲಿಲ್ಲ.

"ಹೆದರಿಕೆ ಅಲ್ಲ ಸಾರ್. ನನ್ನ ಕೈ ಇರೋದೇ ಹೀಗೆ, ಎರಡು ವರ್ಷದಿಂದ" ಎಂದರು, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು. "ನಾಳೆ ಫ್ಯಾಕ್ಟರೀಲೂ ಹೇಳ್ತೀನಿ ಕಣೇ. ಬಿಡ್ತೀನಿ ಅಂತ ಅಲ್ಲ. ಬಟನ್ನಿನ ಅಚ್ಚು ಬೇರೆಯವ್ರಿಗೆ ಕೊಡಿ, ನಂಗೆ ದೊಡ್ಡ ಅಚ್ಚು ಕೊಡಿ ಅಂತ ಕೇಳ್ತೀನಿ."